ಕ್ವಾಲಿಸ್ ದೊಡ್ಡಪ್ಪ

ಮದುವೆ ಛತ್ರದ ಹೊರಗೆ ಬಾನೆಟ್ ಎತ್ತಿದ ಗಾಡಿಯ ಪಕ್ಕದಲ್ಲಿ ನಾಲ್ಕು ಹುಡುಗರನ್ನು ನಿಲ್ಲಿಸಿಕೊಂಡು, 'ಈಗಿನ ಕಾರಲ್ಲಿ ಏನ್ರೋ ಇದೆ, ಬರೀ ಪ್ಲಾಸ್ಟಿಕ್ಕು!' ಎಂದು ಪಾಠ ಹೇಳುವವರು ಕಂಡರೆ, ಅವರೇ ಕ್ವಾಲಿಸ್ ದೊಡ್ಡಪ್ಪ. ಕೆಲವು ಕುಟುಂಬಗಳಲ್ಲಿ ಇವರು ಚಿಕ್ಕಪ್ಪನೋ ಸೋದರಮಾವನೋ ಆಗಿರುತ್ತಾರೆ, ಗಾಡಿ ಇಂಡಿಕಾ ಆಗಿರುತ್ತದೆ. ತಳಿ ಮಾತ್ರ ಒಂದೇ.

ನಮ್ಮ ದೊಡ್ಡಪ್ಪನದು 2002ರ ಗಾಡಿ, ಬಿಡದಿಯಲ್ಲಿ ತಯಾರಾದದ್ದು. 2005ರಲ್ಲಿ ಟೊಯೋಟಾ ಕಂಪನಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದದ್ದನ್ನು ಅವರು ಇನ್ನೂ ಕ್ಷಮಿಸಿಲ್ಲ. ಸೀಟಿಗೆ ವರ್ಷಕ್ಕೊಂದು ಕವರ್, ಅಮಾವಾಸ್ಯೆಗೊಂದು ನಿಂಬೆಹಣ್ಣು, ಆಯುಧಪೂಜೆಗೆ ಮನೆಮಂದಿಗೆಲ್ಲ ಸಾಂಬಾರಾಗುವಷ್ಟು ಬೂದುಗುಂಬಳ. ಕಣ್ಣಿಗೆ ಕಾಣುವುದಕ್ಕೆಲ್ಲ ಅವರ ಕೈ ಧಾರಾಳ. ಟೈಮಿಂಗ್ ಬೆಲ್ಟ್ ಕಣ್ಣಿಗೆ ಕಾಣುವುದಿಲ್ಲ. ಅದು ಎಂಜಿನ್‌ನ ಮುಂದೆ, ಕವರಿನ ಒಳಗಿರುತ್ತದೆ.

ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ, ಅಷ್ಟೇ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಡೀಸೆಲ್ ಪಂಪೂ ಅದೇ ಲೆಕ್ಕಕ್ಕೆ ತಿರುಗಬೇಕು. ಇಷ್ಟನ್ನು ಸದ್ದಿಲ್ಲದೆ ಮಾಡಿಕೊಂಡು ಹೋಗಿ, ಒಂದು ದಿನ ರಾಜೀನಾಮೆಯನ್ನೂ ಕೊಡದೆ ಮಾಯವಾಗುವ ಗುಮಾಸ್ತನ ಹಾಗೆ ಅದು. ಹೊರಗೆ ಕಿರುಗುಟ್ಟುವುದು ಫ್ಯಾನ್ ಬೆಲ್ಟು. ಕಿರುಚುವುದರಿಂದಲೇ ಅದಕ್ಕೆ ಕಾಲಕಾಲಕ್ಕೆ ಬದಲಾವಣೆಯ ಭಾಗ್ಯ.

ಆ ಕಾಲದ ಟೊಯೋಟಾ ಡೀಸೆಲ್ ಗಾಡಿಗಳ ಮೀಟರಿನಲ್ಲಿ 'ಟಿ-ಬೆಲ್ಟ್' ಎಂಬ ದೀಪವಿರುತ್ತಿತ್ತು. ಲಕ್ಷ ಕಿಲೋಮೀಟರ್ ಆದೊಡನೆ ಹತ್ತಿಕೊಂಡು, ಬೆಲ್ಟ್ ಬದಲಾಯಿಸಿ ಎನ್ನುತ್ತಿತ್ತು. ದೊಡ್ಡಪ್ಪನದೂ ಹತ್ತಿತು. ಅವರು ಬಲ್ಬ್ ತೆಗೆಸಿದರು.

'ಕಂಪನಿಯವರು ವ್ಯಾಪಾರಕ್ಕೆ ಹಾಗೆ ಇಟ್ಟಿರ್ತಾರೆ ಕಣೋ. ರಬ್ಬರ್ ನೋಡಿದ್ರೆ ಗೊತ್ತಾಗಲ್ವಾ?'

'ನೋಡಿದ್ರಾ ದೊಡ್ಡಪ್ಪ?'

'ನೋಡೋದೇನು, ಸೌಂಡ್ ಕೇಳಿದ್ರೆ ಸಾಕು.'

ಅದೇ ಅವರ ವಿದ್ಯೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, 'ಹ್ಞೂಂ' ಎನ್ನುತ್ತಾರೆ. ಬೆಳಿಗ್ಗೆ ಸ್ಟಾರ್ಟ್ ಆಗಲು ತಡವಾದರೆ ಹೀಟರ್ ಪ್ಲಗ್ಗು. ಬಿಳಿ ಹೊಗೆ ಬಂದರೆ ಬಂಕಿನವನು ಡೀಸೆಲ್‌ಗೆ ನೀರು ಬೆರೆಸಿದ್ದಾನೆ. ಪಿಕಪ್ ಇಲ್ಲವೆಂದರೆ 'ನಿಮ್ಮ ದೊಡ್ಡಮ್ಮ ಹತ್ತಿದಾಳಲ್ಲ'. ಒಂದೊಂದು ಊಹೆಯೂ ಬಿಡಿಬಿಡಿಯಾಗಿ ಆಗಬಹುದಾದದ್ದೇ. ಮೂರೂ ಒಟ್ಟಿಗೆ ಬಂದರೆ ಬೆಲ್ಟ್ ಒಂದು ಹಲ್ಲು ಜಾರಿರಬಹುದು ಎಂಬುದೊಂದೇ ಅವರಿಗೆ ಹೊಳೆಯದ್ದು.

ಕೊನೆಗೆ ಮೂರೂ ಒಟ್ಟಿಗೇ ಬಂದು ಗಾಡಿ ಗ್ಯಾರೇಜಿಗೆ ಹೋಯಿತು. ಅಲ್ಲಿನ ಮೇಸ್ತ್ರಿ ಕಿವಿ ಕೊಡಲಿಲ್ಲ, ಕವರ್ ಬಿಚ್ಚಿದರು. ಕ್ಯಾಮ್ ಸೀಲಿನಿಂದ ಆಯಿಲ್ ಸೋರಿ ಬೆಲ್ಟು ಉಬ್ಬಿತ್ತು. ಪುಲ್ಲಿಯ ಗುರುತು ಒಂದು ಹಲ್ಲಿನಷ್ಟು ಆಚೆ ನಿಂತಿತ್ತು.

'ಬೆಲ್ಟು, ಟೆನ್ಷನರು, ಸೀಲು ಎಲ್ಲಾ ಹೊಸದು ಹಾಕ್ಬೇಕು ಸಾರ್.'

'ಇದನ್ನೇ ಸ್ವಲ್ಪ ಟೈಟ್ ಮಾಡಪ್ಪ. ಧರ್ಮಸ್ಥಳಕ್ಕೆ ಹೋಗಿ ಬಂದ್ಮೇಲೆ ನೋಡೋಣ.'

ಮೇಸ್ತ್ರಿ ಗುರುತು ಕೂಡಿಸಿ ಕೊಟ್ಟರು. ಬಿಲ್ಲಿನ ಹಿಂದೆ 'ಬೆಲ್ಟ್ ಹಾಕಿಸಲು ಹೇಳಿದೆ, ಯಜಮಾನರು ಒಪ್ಪಲಿಲ್ಲ' ಎಂದು ಬರೆದು ಸಹಿಯನ್ನೂ ಹಾಕಿಸಿಕೊಂಡರು.

ಧರ್ಮಸ್ಥಳದ ದಾರಿಯಲ್ಲಿ ಬೆಳ್ಳೂರು ಕ್ರಾಸ್ ದಾಟಿದ ಮೇಲೆ, ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ತಟ್ಟನೆ ಆಫ್ ಆಯಿತು. ದೊಡ್ಡಪ್ಪ ಸೆಲ್ಫ್ ಹೊಡೆದರು. ಯಾವಾಗಲೂ ಗೊಣಗಿಕೊಂಡು ತಿರುಗುತ್ತಿದ್ದ ಎಂಜಿನ್ 'ಗಿರ್ರ್' ಎಂದು ಹಗುರಾಗಿ ತಿರುಗಿತು. ಕಂಪ್ರೆಷನ್ ಇಲ್ಲ, ಬೆಲ್ಟ್ ಕಟ್ಟಾಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ. ಕಿವಿಯ ಪಂಡಿತರು ಹೇಳಿದ್ದು: 'ನೋಡ್ದ್ರಾ, ಎಷ್ಟು ಫ್ರೀ ಆಗಿದೆ! ಈಗ ಹಿಡ್ಕೊಳ್ಳುತ್ತೆ.' ಸೆಲ್ಫಿನ ಮೇಲೆ ಸೆಲ್ಫ್ ಹೊಡೆದರು. ಆಮೇಲೆ ಅಳಿಯಂದಿರನ್ನು ಇಳಿಸಿ, ಸೆಕೆಂಡ್ ಗೇರಿನಲ್ಲಿ ತಳ್ಳಿಸಿದರು.

ಡೀಸೆಲ್ ಎಂಜಿನ್‌ನಲ್ಲಿ ಕಿಡಿಯಿಲ್ಲ. ಕ್ವಾಲಿಸ್‌ನದು ಹೀರಿದ ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿಗಿಂತ ಕಿರಿದಾಗಿ ಹಿಂಡಿ, ಆ ಕಾವಿಗೇ ಡೀಸೆಲ್ ಹೊತ್ತಿಸುತ್ತದೆ. ಅದಕ್ಕಾಗಿ ಪಿಸ್ಟನ್ ಹೆಡ್ಡಿನ ತೀರಾ ಹತ್ತಿರಕ್ಕೆ ಬರುತ್ತದೆ. ಬೆಲ್ಟ್ ಕಟ್ಟಾದಾಗ ತೆರೆದೇ ನಿಂತ ವಾಲ್ವುಗಳಿಗೆ ಅದು ಹೋಗಿ ಗುದ್ದುತ್ತದೆ. ಮೊದಲ ಗುದ್ದಿಗೆ ಉಳಿದುಕೊಂಡಿದ್ದ ವಾಲ್ವುಗಳ ಗತಿಯನ್ನು ಅಳಿಯಂದಿರು ಕಾಣಿಸಿದರು.

ಹೆಡ್ ಇಳಿಯಿತು, ಲೇತಿಗೆ ಹೋಯಿತು. ಹೊಸ ವಾಲ್ವು, ಗ್ಯಾಸ್ಕೆಟ್ಟು, ಆಮೇಲೆ ಬೆಲ್ಟು. ಮೇಸ್ತ್ರಿ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಕೈಯಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಿ, ಗುರುತುಗಳೆಲ್ಲ ಮತ್ತೆ ಕೂಡಿದವೆಂದು ನೋಡಿದ ಮೇಲೆಯೇ ಸೆಲ್ಫ್ ಹೊಡೆದದ್ದು. ಉದ್ದನೆಯ ಬಿಲ್ಲಿನಲ್ಲಿ ಎಲ್ಲಕ್ಕಿಂತ ಚಿಕ್ಕ ಮೊತ್ತಗಳಲ್ಲಿ ಒಂದು ಬೆಲ್ಟಿನದು. ದೊಡ್ಡಮ್ಮ ಆ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ಬಿಲ್ಲನ್ನು ದೇವರ ಮನೆಯಲ್ಲಿಟ್ಟಿದ್ದಾರೆ.

ದೊಡ್ಡಪ್ಪ ಬದಲಾಗಿದ್ದಾರೆ ಎಂದಲ್ಲ. ಈಗಿನ ಉಪನ್ಯಾಸದ ವಿಷಯ ಟೈಮಿಂಗ್ ಬೆಲ್ಟು. 'ಅದನ್ನ ನೆಗ್ಲೆಕ್ಟ್ ಮಾಡೋರು ಇದ್ದಾರೆ ನೋಡ್ರೋ, ಅವರಿಗೆ ಗಾಡಿ ಬೆಲೆನೇ ಗೊತ್ತಿಲ್ಲ' ಎನ್ನುತ್ತಾರೆ.

ನಿಮ್ಮ ಮನೆಯಲ್ಲೂ ಬೆಲ್ಟಿನ ಹಳೇ ಡೀಸೆಲ್ ಗಾಡಿಯಿದ್ದರೆ, ಕಿವಿ ಒತ್ತುವ ಮೊದಲು ಪುಸ್ತಕ ತೆಗೆದು ಕಿಲೋಮೀಟರ್ ನೋಡಿ. ಹಾಕಿಸುವಾಗ ಟೆನ್ಷನರ್, ಸೀಲುಗಳನ್ನೂ ಸೇರಿಸಿಯೇ ಹಾಕಿಸಿ. ಕೊನೆಯ ಸಲ ಯಾವಾಗ ಹಾಕಿಸಿದ್ದು ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ, ಹಾಕಿಸಿಲ್ಲವೆಂದೇ ಲೆಕ್ಕ.