ಅಮ್ಮನ ಮೆಷಿನ್ನಿಗೆ ಸ್ಟೇಬಲ್ಲೇ ಇರಲಿ

ಪಕ್ಕದ ಮನೆಗೂ ನಮಗೂ ನಡುವೆ ಎದೆಮಟ್ಟದ ಕಾಂಪೌಂಡು. ಭಾನುವಾರ ಬೆಳಗ್ಗೆ ಆ ಮನೆಯ ಹುಡುಗ ಲ್ಯಾಪ್‌ಟಾಪನ್ನೇ ತಂದು ಅದರ ಮೇಲಿಟ್ಟ. "ಅಂಕಲ್, ಅಮ್ಮನ ಮೆಷಿನ್ನಿಗೆ ಡೆಬಿಯನ್ ಟೆಸ್ಟಿಂಗ್ ಹಾಕ್ಬಿಡ್ಲಾ? ಸ್ಟೇಬಲ್‌ನಲ್ಲಿ ಎಲ್ಲಾ ಹಳೇದೇ ಇದೆ" ಅಂದ. ಅವನಮ್ಮ ಬ್ಲೌಸ್ ಹೊಲಿಯುತ್ತಾರೆ. ಗಿರಾಕಿಗಳ ಅಳತೆ, ಕೊಟ್ಟ ಅಡ್ವಾನ್ಸು, ಉಳಿದ ಬಾಕಿ ಎಲ್ಲವೂ ಆ ಮೆಷಿನ್ನಿನ ಒಂದು ಲಿಬ್ರೆಆಫೀಸ್ ಶೀಟಿನಲ್ಲಿದೆ.

"ಬೇಡ ಕಣೋ" ಅಂದೆ. ಯಾಕೆ ಬೇಡ ಅಂತ ಹೇಳಿ ಮುಗಿಸುವಷ್ಟರಲ್ಲಿ ಎರಡು ಲೋಟ ಕಾಫಿ ಖಾಲಿಯಾಗಿತ್ತು.

ಹಳೇದು ಅನ್ನುವ ಮಾತನ್ನು ಮೊದಲು ನೋಡೋಣ. ಡೆಬಿಯನ್ ಲಿನಕ್ಸ್‌ನಲ್ಲಿ ಹೊಸ ಪ್ಯಾಕೇಜು ಮೊದಲು ಬಂದು ಬೀಳುವುದು ಅನ್‌ಸ್ಟೇಬಲ್‌ಗೆ. ಅದಕ್ಕೆ ಸಿಡ್ ಅಂತ ಹೆಸರು. ಟಾಯ್ ಸ್ಟೋರಿ ಸಿನಿಮಾದಲ್ಲಿ ಆಟಿಕೆಗಳನ್ನು ಮುರಿಯುವ ಪಕ್ಕದ ಮನೆ ಹುಡುಗನ ಹೆಸರದು. ಡೆಬಿಯನ್ ಬಿಡುಗಡೆಗಳಿಗೆಲ್ಲ ಆ ಸಿನಿಮಾ ಸರಣಿಯ ಪಾತ್ರಗಳದೇ ಹೆಸರು. ಪ್ಯಾಕೇಜು ಸಿಡ್‌ನಲ್ಲಿ ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ಕಾಯುತ್ತದೆ. ಅಷ್ಟರಲ್ಲಿ ಗಂಭೀರವಾದ ಹೊಸ ದೋಷ ಯಾರಿಗೂ ಸಿಗದಿದ್ದರೆ, ಅದನ್ನು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳು ಕೆಡದಿದ್ದರೆ, ಟೆಸ್ಟಿಂಗ್‌ಗೆ ದಾಟುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಆ ಟೆಸ್ಟಿಂಗನ್ನು ತಿಂಗಳುಗಟ್ಟಲೆ ಫ್ರೀಜ್ ಮಾಡಿ, ದೋಷಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು, ಸ್ಟೇಬಲ್ ಅಂತ ಬಿಡುಗಡೆ ಮಾಡುತ್ತಾರೆ. ಈಗಿನ ಸ್ಟೇಬಲ್ ಆದ ಟ್ರಿಕ್ಸಿ ಹಾಗೆ ಬಂದದ್ದು 2025ರ ಆಗಸ್ಟ್ 9ಕ್ಕೆ. ಅದರ ಫ್ರೀಜು ಮಾರ್ಚ್‌ನಲ್ಲೇ ಶುರುವಾಗಿತ್ತು. ಇಷ್ಟು ಜರಡಿ ಹಿಡಿದದ್ದನ್ನು ಹಳಸಿದ್ದು ಅಂದರೆ ನನಗೆ ಬೇಜಾರಾಗುತ್ತದೆ. ಭದ್ರತೆಯ ತೇಪೆ ಬೇಕಾದಾಗ ಅದೇ ಆವೃತ್ತಿಗೇ ಹಚ್ಚಿ ಕೊಡುತ್ತಾರೆ. ಇವತ್ತು ಎಲ್ಲಿದ್ದ ಮೆನು ನಾಳೆಯೂ ಅಲ್ಲೇ ಇರುತ್ತದೆ.

"ಸಿಡ್ ಬೇಡ ಅಂಕಲ್, ಟೆಸ್ಟಿಂಗ್ ಮಧ್ಯದಲ್ಲಿದೆಯಲ್ಲ, ಸೇಫ್ ಅಲ್ವಾ?" ಅಂದ. ತುಂಬ ಜನ ಎಡವುವುದು ಈ 'ಮಧ್ಯ'ದಲ್ಲೇ. ಸಿಡ್‌ಗೆ ತೇಪೆ ನೇರವಾಗಿ ಬೀಳುತ್ತದೆ. ಸ್ಟೇಬಲ್‌ಗೆ ಕೊಡಲು ಭದ್ರತಾ ತಂಡವೇ ಕೂತಿದೆ. ಟೆಸ್ಟಿಂಗ್‌ಗೆ ಬರಬೇಕಾದ ತೇಪೆ ಮಾತ್ರ ಸಿಡ್‌ನಲ್ಲಿ ಸರದಿ ಕಾದು ಬರಬೇಕು. ಅದು ನೆಚ್ಚಿಕೊಂಡ ಇನ್ಯಾವುದೋ ಲೈಬ್ರರಿ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ ವಾರಗಳೇ ಆಗಬಹುದು.

ಎಕ್ಸ್‌ಝಡ್ ವಿಷಯವನ್ನೂ ಹೇಳಿದೆ. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಆ ಸಣ್ಣ ಸಲಕರಣೆಯೊಳಗೆ ಯಾರೋ ಕಳ್ಳಬಾಗಿಲು ಕೊರೆದಿದ್ದರು. ತನ್ನ ಸಿಡ್ ಮೆಷಿನ್ನಿಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿ ಹೋಗಿ, 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಕೆಟ್ಟ ಆವೃತ್ತಿ ಆಗಲೇ ಸಿಡ್ ದಾಟಿ ಟೆಸ್ಟಿಂಗ್‌ಗೂ ಬಂದಿತ್ತು. ಸ್ಟೇಬಲ್‌ಗೆ ತಲುಪಿರಲಿಲ್ಲ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ಸ್ಟೇಬಲ್ ಇಟ್ಕೊಂಡು, ಬೇಕಾದ ಒಂದೆರಡನ್ನ ಮಾತ್ರ ಟೆಸ್ಟಿಂಗ್‌ನಿಂದ ತರ್ಲಾ?"

ಇದು ಎಲ್ಲಕ್ಕಿಂತ ಕೆಟ್ಟ ದಾರಿ, ಮತ್ತೆ ನಾನೇ ನಡೆದು ನೋಡಿದ್ದು. ಒಮ್ಮೆ ಇಂಕ್‌ಸ್ಕೇಪ್ ಹೊಸದು ಬೇಕು ಅಂತ ಸ್ಟೇಬಲ್‌ನ ಸೋರ್ಸಸ್ ಪಟ್ಟಿಗೆ ಟೆಸ್ಟಿಂಗ್ ಸಾಲೊಂದನ್ನು ಸೇರಿಸಿದೆ. ಇಂಕ್‌ಸ್ಕೇಪ್ ಹೊಸ ಲಿಬ್‌ಸಿ ಲೈಬ್ರರಿ ಬೇಕು ಅಂದಿತು, ಲಿಬ್‌ಸಿ ಇನ್ನೊಂದಷ್ಟನ್ನು ಎಳೆದುಕೊಂಡು ಬಂತು. ವಾರ ಕಳೆದು ಅಪ್‌ಗ್ರೇಡ್ ಕೊಟ್ಟಾಗ ಆಪ್ಟ್ 'ಇವನ್ನೆಲ್ಲ ತೆಗೆಯುತ್ತೇನೆ' ಅಂತ ಉದ್ದದ ಪಟ್ಟಿ ತೋರಿಸಿ, ವೈ ಒತ್ತುತ್ತೀಯಾ ಎನ್ ಒತ್ತುತ್ತೀಯಾ ಅಂತ ಕಾದು ನಿಂತಿತು. ಪಟ್ಟಿಯಲ್ಲಿ ನನ್ನ ಇಡೀ ಡೆಸ್ಕ್‌ಟಾಪೇ ಇತ್ತು. ಎನ್ ಒತ್ತಿದೆ, ಆದರೆ ವಾಪಸ್ ಹೋಗಲು ದಾರಿ ಇರಲಿಲ್ಲ. ಮೇಲೇರಿದ ಲಿಬ್‌ಸಿಯನ್ನು ಕೆಳಗಿಳಿಸುವುದಕ್ಕೆ ಡೆಬಿಯನ್‌ನ ಬೆಂಬಲವಿಲ್ಲ. ಕೊನೆಗೆ ಡೇಟಾ ತೆಗೆದಿಟ್ಟು ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕಾಯಿತು. ಹೊಸ ಆವೃತ್ತಿ ಬೇಕೇಬೇಕು ಅನ್ನುವವರಿಗೆ ಬ್ಯಾಕ್‌ಪೋರ್ಟ್ಸ್ ಅನ್ನುವ ರೆಪೊ ಇದೆ. ಅಲ್ಲಿ ಟೆಸ್ಟಿಂಗ್‌ನ ಪ್ಯಾಕೇಜನ್ನು ಸ್ಟೇಬಲ್‌ನ ಲೈಬ್ರರಿಗಳ ಮೇಲೇ ಕಟ್ಟಿ ಕೊಡುತ್ತಾರೆ. ಎಲ್ಲವೂ ಅಲ್ಲಿ ಸಿಗುವುದಿಲ್ಲ, ಸಿಕ್ಕಿದ್ದು ಹೊಂದಿಕೊಳ್ಳುತ್ತದೆ.

ಹಾಗಂತ ಟೆಸ್ಟಿಂಗನ್ನು ಯಾರೂ ಮುಟ್ಟಬಾರದು ಅಂತ ನಾನು ಹೇಳಲಾರೆ. ಎಲ್ಲರೂ ಸ್ಟೇಬಲ್‌ನಲ್ಲೇ ಕೂತಿದ್ದರೆ ಆ ಅರ್ಧ ಸೆಕೆಂಡು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಕನ್ನಡದ್ದೇ ನೋಡಿ. ಗುಬ್ಬಿ, ನವಿಲು ಅನ್ನುವ ಫಾಂಟುಗಳು ಡೆಬಿಯನ್ ರೆಪೊದಲ್ಲೇ ಇವೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿಯಲ್ಲೋ ಫಾಂಟಿನಲ್ಲೋ ಏನೋ ಬದಲಾಗಿ 'ರಾಷ್ಟ್ರ'ದ ಒತ್ತು ಪಕ್ಕಕ್ಕೆ ಜಾರಿದರೆ, 'ಸೂರ್ಯ'ನ ಅರ್ಕಾವೊತ್ತು ಬೇರೆ ಅಕ್ಷರಕ್ಕೆ ಅಂಟಿಕೊಂಡರೆ, ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಕೂತ ಪ್ಯಾಕೇಜು ನೋಡಿಕೊಳ್ಳುವವರಿಗೆ ಅದು ತಪ್ಪು ಅಂತ ಹೇಗೆ ಗೊತ್ತಾಗಬೇಕು? ಟೆಸ್ಟಿಂಗ್‌ನಲ್ಲಿರುವಾಗ ನಾವು ನೋಡಿ ಹೇಳದಿದ್ದರೆ ಅದು ಹಾಗೇ ಸ್ಟೇಬಲ್‌ಗೆ ಹೋಗುತ್ತದೆ, ಎರಡು ವರ್ಷ ಪಕ್ಕದ ಮನೆಯವರ ಶೀಟಿನಲ್ಲಿ ಹಾಗೇ ಕಾಣುತ್ತದೆ.

ಅಮ್ಮನ ಮೆಷಿನ್ನಿನಲ್ಲಿ ಟ್ರಿಕ್ಸಿ ಉಳಿಯಿತು. ಹುಡುಗ ತನ್ನ ಲ್ಯಾಪ್‌ಟಾಪಿಗೆ ಈಗ ಟೆಸ್ಟಿಂಗ್‌ನಲ್ಲಿರುವ, ಮುಂದಿನ ಬಿಡುಗಡೆಯಾಗಬೇಕಾದ ಫೋರ್ಕಿಯನ್ನು ಹಾಕಿಕೊಂಡ. ನಿಮ್ಮ ಮನೆಯಲ್ಲೂ ಯಾರ ದುಡಿಮೆಯೂ ಕೂತಿರದ ಎರಡನೇ ಮೆಷಿನ್ನು ಇದ್ದರೆ ದಯವಿಟ್ಟು ಅದಕ್ಕೆ ಟೆಸ್ಟಿಂಗ್ ಹಾಕಿ. ನಾಲ್ಕು ಕನ್ನಡ ಫೈಲು ತೆರೆದು ಕಣ್ಣಾಡಿಸಿ. ಏನಾದರೂ ಕೆಟ್ಟಿದ್ದರೆ ರಿಪೋರ್ಟ್‌ಬಗ್ ಓಡಿಸಿ ಬರೆದು ಕಳಿಸಿ, ಫ್ರೀಜ್ ಆಗುವುದಕ್ಕೆ ಮೊದಲೇ ಕಳಿಸಿ.