ಮುಷ್ಟಿಸೌಖ್ಯಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಶಾಸ್ತ್ರಗ್ರಂಥಕ್ಕೆ ಕೈಹಾಕುವುದು ಶಿಷ್ಟಸಂಪ್ರದಾಯಕ್ಕೆ ವಿರುದ್ಧವಾದುದರಿಂದ ಮೊದಲು ಆ ಸಾಲವನ್ನು ತೀರಿಸಿಬಿಡುತ್ತೇನೆ. ಪಾಲಿಮರ್ ಪಿಸ್ತೂಲಿನ ಹಿಡಿಯನ್ನೂ ಚೌಕಟ್ಟನ್ನೂ ಒಡೆಯನ ಕೈಗೆ ಹಿತವಾಗುವಂತೆ ಉಜ್ಜಿ, ಕೊರೆದು, ಸುಟ್ಟು ತಿದ್ದುವ ಕ್ರಮವು ಇಲ್ಲಿಯ ವಿಷಯ. ಅಂಗೈಯ ಸೌಖ್ಯವು ಪ್ರಯೋಜನ. ಅಂಗೈಗೂ ಪ್ಲಾಸ್ಟಿಕ್ಕಿಗೂ ಇರುವ ಧಾರಕಧಾರ್ಯಭಾವವು ಸಂಬಂಧ. ಇನ್ನು ಅಧಿಕಾರಿ ಯಾರೆಂದರೆ, ಉಪ್ಪುಕಾಗದ, ಸೋಲ್ಡರಿಂಗ್ ಐರನ್, ಶನಿವಾರದ ಬಿಡುವು, ಹೆಂಡತಿಯ ಸಹನೆ ಎಂಬ ಸಾಧನಚತುಷ್ಟಯದಿಂದ ಸಂಪನ್ನನಾಗಿ, ಇಹದಲ್ಲಿ ತನ್ನ ಹೆಬ್ಬೆರಳಿಗಿಂತ ಚಿಂತನಾರ್ಹವಾದ ಪದಾರ್ಥವು ಇನ್ನೊಂದಿಲ್ಲವೆಂಬ ವಿವೇಕವನ್ನು ಪಡೆದವನು.

ಈ ಶಾಸ್ತ್ರದಲ್ಲಿ ನಾನು ಸ್ವೇಚ್ಛೆಯಿಂದ ಪ್ರವೃತ್ತನಾದವನಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸಿ, ವಿಚಾರಸಂಕಿರಣಗಳ ಹಿಂದಿನ ಸಾಲಿನಲ್ಲಿ ಕುಳಿತು, ಹತ್ತು ಮಾತಿನಲ್ಲಿ ಮುಗಿಯುವ ಸಂಗತಿಯನ್ನು ಹತ್ತು ಹಾಳೆಗೆ ಹಿಗ್ಗಿಸುವ ವಿದ್ಯೆಯನ್ನು ಕಣ್ಣಾರೆ ಕಂಡು, ನಿವೃತ್ತಿಯೊಡನೆ ಆ ಬಾಧೆಯೂ ನಿವೃತ್ತವಾಯಿತೆಂದು ನಂಬಿ, ಟೆಕ್ಸಸ್ ಸಂಸ್ಥಾನದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನ ಮನೆಗೆ ಆರು ವಾರಗಳ ಮಟ್ಟಿಗೆ ಹೋಗಿದ್ದೆನು. ಹಾಸನದಲ್ಲಿ ದೀಪಾವಳಿಯ ಆನೆಪಟಾಕಿಗೆ ಹೆದರಿ ನನ್ನ ಪಂಚೆಯ ಮರೆಯಲ್ಲಿ ಅಡಗುತ್ತಿದ್ದ ಆ ಹುಡುಗನು ಈಗ ಆ ದೇಶದ ಪ್ರಜೆ. ಎರಡು ಕಾರುಗಳಿಗೂ ಒಂದು ಪಿಸ್ತೂಲಿಗೂ ಒಡೆಯ. ಒಂದು ಭಾನುವಾರ ಬಿಸಿಬೇಳೆಬಾತನ್ನು ಉಂಡು ನಾನು ಅಡಕೆಯನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ, “ಮಾವ, ಒಂದೇ ನಿಮಿಷ ಗ್ಯಾರೇಜಿಗೆ ಬನ್ನಿ, ಇದನ್ನ ಸ್ವಲ್ಪ ಹಿಡಿದು ನೋಡಿ” ಎಂದು ಕರೆದನು. ಆ ನಿಮಿಷವು ಸಂಜೆಯ ಕಾಫಿಯವರೆಗೆ ನಡೆಯಿತು. “ಪರ್ಚೇಸ್ ಹೇಗಿದೆ ಮಾವ?” ಎಂದು ಅವನು ಕೇಳಲು, ನಾನು ಬೆಲೆಯೆಷ್ಟೆಂದು ವಿಚಾರಿಸಿದೆನು. ಹಿಡಿತಕ್ಕೆ ಆ ಶಾಸ್ತ್ರದಲ್ಲಿ ಕ್ರಯವೆಂಬ ಪರಿಭಾಷೆಯಿರುವುದು ಆಗ ನನಗೆ ತಿಳಿಯಿತು. ಪಿಸ್ತೂಲಿನ ಕುಲಗೋತ್ರಗಳನ್ನು ಹೇಳುವುದಿಲ್ಲ. ನಾನು ದೂರುತ್ತಿರುವುದು ಅದನ್ನು ಮಾಡಿದವರನ್ನಲ್ಲ.

ಈಗ ಇತಿಹಾಸ. ಪಿಸ್ತೂಲಿನ ಮೈ ಲೋಹದ್ದೇ ಆಗಿರತಕ್ಕದ್ದೆಂಬ ಶ್ರದ್ಧೆಗೆ ಮೊದಲ ಪೆಟ್ಟು ಬಿದ್ದುದು 1970ರಲ್ಲಿ, ಜರ್ಮನಿಯ ಹೆಕ್ಲರ್ ಉಂಡ್ ಕಾಖ್ ಸಂಸ್ಥೆಯು ವಿಪಿ 70 ಎಂಬ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲನ್ನು ಹೊರತಂದಾಗ. ಆದರೆ ಮತಸ್ಥಾಪನೆಯ ಕೀರ್ತಿಯು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಎಂಬವನಿಗೆ ಸಂದಿತು. ಅದುವರೆಗೆ ಕಿಟಕಿಯ ಪರದೆಗೆ ಸರಳುಗಳನ್ನೂ ಸೈನ್ಯಕ್ಕೆ ಚೂರಿಗಳನ್ನೂ ಒದಗಿಸುತ್ತಿದ್ದ ಈತನು, ಬಂದೂಕಿನ ಪರಂಪರೆಯ ಗಂಧವಿಲ್ಲದಿದ್ದಾಗ್ಯೂ, ತನ್ನ ದೇಶದ ಸೈನ್ಯವು ಹೊಸ ಪಿಸ್ತೂಲನ್ನು ಬಯಸಿದಾಗ ಗ್ಲಾಕ್ 17 ಎಂಬುದನ್ನು ನಿರ್ಮಿಸಿ, 1982ರಲ್ಲಿ ಪಿ 80 ಎಂಬ ಸೈನಿಕನಾಮದೊಡನೆ ಅದು ಅಂಗೀಕೃತವಾಗುವಂತೆ ಮಾಡಿದನು. ಜಾನ್ ಬ್ರೌನಿಂಗನ ಉಕ್ಕಿನ 1911 ಪಿಸ್ತೂಲು ಒಂದು ಕಿಲೋಗ್ರಾಮಿಗೆ ಮಿಕ್ಕಿ ತೂಗಿದರೆ ಇದು ಗುಂಡಿಲ್ಲದೆ ಸುಮಾರು 625 ಗ್ರಾಂ ಮಾತ್ರ. ಈ ಲಾಘವದಿಂದಲೇ ನಮ್ಮ ಶಾಸ್ತ್ರದ ಜನನವಾಯಿತು. ಏಕೆಂದರೆ ಹಳೆಯ ಪಿಸ್ತೂಲಿನಲ್ಲಿ ಹಿಡಿಯ ಎರಡು ಪಕ್ಕಗಳಿಗೂ ಮರದ ಹಲಗೆಗಳನ್ನು ಸ್ಕ್ರೂ ಹಾಕಿ ಬಿಗಿದಿರುತ್ತಿದ್ದರು. ಹಿತವಾಗದಿದ್ದರೆ ಬಿಚ್ಚಿ ಬೇರೆಯದನ್ನು ಹಾಕಿಕೊಂಡರೆ ತೀರಿತು. ಪ್ಲಾಸ್ಟಿಕ್ಕಿನದರಲ್ಲಿಯೋ ಹಿಡಿಗೂ ಚೌಕಟ್ಟಿಗೂ ಅಭೇದ. ಬಿಚ್ಚಲು ಏನೂ ಇಲ್ಲ, ಕೆತ್ತಬೇಕು.

ಇಲ್ಲಿ ಪೂರ್ವಪಕ್ಷಿಯು ಎದ್ದು, ಇದೆಲ್ಲವೂ ನಮ್ಮ ಧನುರ್ವೇದದಲ್ಲಿಯೇ ಇದೆಯೆನ್ನುತ್ತಾನೆ. ಇಂತಹವನು ಎಲ್ಲ ಸಂಕಿರಣಗಳಲ್ಲಿಯೂ ಇರುತ್ತಾನೆ. ಸಾಮಾನ್ಯವಾಗಿ ಊಟದ ಗಂಟೆಗೆ ಐದು ನಿಮಿಷವಿರುವಾಗ ಏಳುತ್ತಾನೆ. ಪತಾಕಾ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರೀ, ಕಾಕತುಂಡೀ ಎಂದು ಬಿಲ್ಲಿನ ಹೆದೆಯನ್ನು ಹಿಡಿಯುವ ಐದು ಮುಷ್ಟಿಗಳನ್ನು ಪ್ರಾಚೀನರು ಹೇಳಿರುವುದು ಸತ್ಯವೇ. ಆದರೆ ಆ ಆಚಾರ್ಯರು ಕೈಯನ್ನು ಬಿಲ್ಲಿಗೆ ತಕ್ಕಂತೆ ಪಳಗಿಸಿದರೇ ಹೊರತು, ಗಾಂಡೀವದ ನಡುವನ್ನು ಅರ್ಜುನನು ಭಾನುವಾರ ಉಪ್ಪುಕಾಗದದಿಂದ ತಿಕ್ಕಿದನೆಂದು ಎಲ್ಲಿಯೂ ಬರೆದಂತಿಲ್ಲ. ಅದೂ ಇರಲಿ, ನಮ್ಮ ಕೊಡಗಿನವರು ಕೈಲ್‌ಮುಹೂರ್ತದಂದು ಕೋವಿಗೆ ಹೂವೇರಿಸಿ ಪೂಜಿಸುತ್ತಾರೆ. ಅಜ್ಜನ ಹೆಗಲಿಗೆ ಒದಗಿದ ಹಿಡಿಯೇ ಮೊಮ್ಮಗನ ಹೆಗಲಿಗೂ ಒದಗಬೇಕು, ಒದಗದಿದ್ದರೆ ಹೆಗಲೇ ಹೊಂದಿಕೊಳ್ಳಬೇಕು. ಇತಿ ಪೂರ್ವಪಕ್ಷವು ಖಂಡಿತವಾಯಿತು.

ಸಿದ್ಧಾಂತಿಗಳಲ್ಲಿಯೂ ಏಕವಾಕ್ಯತೆಯಿಲ್ಲ. ಬ್ರೌನಿಂಗನ ಅನುಯಾಯಿಗಳು ಹಿಡಿಯು ನಳಿಗೆಗೆ ಇಷ್ಟೇ ಓರೆಯಾಗಿರಬೇಕೆಂದರೆ, ಗ್ಲಾಕ್ ಮತದವರು ಅದಕ್ಕಿಂತ ಕೊಂಚ ಹೆಚ್ಚು ಬಾಗಿದುದೇ ಸಹಜವೆನ್ನುತ್ತಾರೆ. ಬ್ರೌನಿಂಗನದಕ್ಕೆ ಪಳಗಿದ ಕೈಯು ಗ್ಲಾಕನ್ನು ಎತ್ತಿದರೆ ನಳಿಗೆಯ ಮೂತಿಯು ಗುರಿಗಿಂತ ಮೇಲಕ್ಕೆ ನೋಡುವುದಂತೆ. ನಾಲ್ಕೈದು ಡಿಗ್ರಿಗಳ ಈ ಅಂತರದ ಮೇಲೆ ನಡೆದಿರುವ ವಾಗ್ವಾದವನ್ನು ಕೇಳಿದವನಿಗೆ ದ್ವೈತಾದ್ವೈತಗಳ ಜಗಳವು ಅಕ್ಕಪಕ್ಕದ ಮನೆಯವರ ಕುಶಲಪ್ರಶ್ನೆಯಂತೆ ತೋರುವುದು.

ಇದಕ್ಕಿಂತ ಸ್ವಾರಸ್ಯವಾದುದು ಬೆರಳುಕುಳಿಗಳ ಪುರಾಣ. ಸುಮಾರು 1998ರಲ್ಲಿ ಬಂದ ಮೂರನೆಯ ತಲೆಮಾರಿನ ಗ್ಲಾಕುಗಳಲ್ಲಿ ಹಿಡಿಯ ಮುಂಭಾಗಕ್ಕೆ ಬೆರಳುಗಳು ಕೂರುವಂತೆ ತಗ್ಗುಗಳನ್ನು ಅಚ್ಚೊತ್ತಿದರು. ಲೋಕದ ಬೆರಳುಗಳೆಲ್ಲವೂ ಒಂದೇ ಅಚ್ಚಿನಿಂದ ಬಂದುವೆಂಬ ಭಾವನೆಯಿಂದ ಮಾಡಿದ ಉಪಕಾರವಿದು. ತಗ್ಗಿನಲ್ಲಿ ಕೂರಬೇಕಾದ ಬೆರಳು ದಿಬ್ಬದ ಮೇಲೆ ಕುಳಿತವರು ಆ ದಿಬ್ಬಗಳನ್ನು ಅರದಿಂದ ಉಜ್ಜಿ ಸಮಮಾಡಿದರು. ದಿಬ್ಬವು ಹಿತವಾದವರು ಅದನ್ನೇ ದೈವದತ್ತವೆಂದು ಸಾರಿದರು. 2010ರ ನಾಲ್ಕನೆಯ ತಲೆಮಾರಿನಲ್ಲಿ ಬದಲಾಯಿಸಬಹುದಾದ ಬೆನ್ನುಪಟ್ಟಿಗಳು ಬಂದುವು. 2017ರ ಐದನೆಯದರಲ್ಲಿ ಬೆರಳುಕುಳಿಗಳನ್ನು ಕಾರ್ಖಾನೆಯೇ ತೆಗೆದುಹಾಕಿತು. ಹೀಗೆ ಸುಮಾರು ಹತ್ತೊಂಬತ್ತು ವರ್ಷಗಳ ಸಾಧನೆಯ ಫಲವಾಗಿ ಹಿಡಿಯ ಮುಂಭಾಗವು ಮೊದಲಿದ್ದಂತೆಯೇ ಸಮವಾಯಿತು. ನಮ್ಮ ಪಠ್ಯಪುಸ್ತಕಸಮಿತಿಗಳೂ ಇದಕ್ಕಿಂತ ಹೆಚ್ಚೇನನ್ನೂ ಸಾಧಿಸಿಲ್ಲವಾದುದರಿಂದ ನಗುವ ಹಕ್ಕು ನಮಗಿಲ್ಲ.

ಕಾರ್ಖಾನೆಯಿಂದ ಬಂದ ಪಿಸ್ತೂಲು ಅಸಂಸ್ಕೃತವಾದುದು. ಅದನ್ನು ದ್ವಿಜನನ್ನಾಗಿ ಮಾಡುವ ಸಂಸ್ಕಾರಗಳು ಹಲವು. ಹಿಡಿಯ ಬೆನ್ನಿನ ಉಬ್ಬನ್ನು ತರಿದು ಕೈಗೆ ಅಡಗಿಸುವುದು ಚೌಲ. ಕುದುರೆಗೆ ಕಾವಲಿರುವ ಬಳೆಯ ಕೆಳಗೆ, ಮಧ್ಯದ ಬೆರಳು ಉಜ್ಜಿ ಉಜ್ಜಿ ಗಂಟುಗಟ್ಟುವ ಸ್ಥಳವನ್ನು ಕೊರೆದು ಆಳಮಾಡುವುದು ಕರ್ಣವೇಧ. ಇವೆರಡಕ್ಕಿಂತಲೂ ಶ್ರೇಷ್ಠವಾದುದು ಸ್ಟಿಪ್ಲಿಂಗ್ ಎಂಬ ತಪ್ತಮುದ್ರಾಧಾರಣೆ. ಮಠದಲ್ಲಿ ಕಾಸಿದ ಶಂಖಚಕ್ರಗಳನ್ನು ತೋಳಿಗೆ ಒತ್ತಿಸಿಕೊಳ್ಳುವಂತೆ, ಇಲ್ಲಿ ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಹಿಡಿಯ ಮೈಮೇಲೆಲ್ಲ ಒಂದೊಂದೇ ಚುಕ್ಕೆಯಾಗಿ ಒತ್ತಿ, ಬೆವರಿದ ಕೈಯೂ ಜಾರದಂತೆ ಹಲಸಿನ ಸಿಪ್ಪೆಯಂತಹ ಒರಟನ್ನು ಮೂಡಿಸುತ್ತಾರೆ. ಒತ್ತು ಹೆಚ್ಚಾದರೆ ತೂತು, ಕಡಿಮೆಯಾದರೆ ವ್ಯರ್ಥ. ಗ್ಯಾರೇಜಿನಲ್ಲೆದ್ದ ಹೊಗೆಯನ್ನು ಹೋಮಧೂಮವೆಂದು ಭಾವಿಸಲು ಯತ್ನಿಸಿದೆನಾದರೂ, ಸುಟ್ಟ ಬಕೀಟಿನ ನಾತವು ಶ್ರದ್ಧೆಗೆ ಅಡ್ಡಬಂದಿತು.

ಈ ಸಂಸ್ಕಾರಗಳೆಲ್ಲಕ್ಕೂ ಪಾತ್ರವಾದ ಚೌಕಟ್ಟಿನ ವಿಚಾರದಲ್ಲಿ ಆ ದೇಶದ ಕಾನೂನು ನಮ್ಮ ವೇದಾಂತಿಗಳನ್ನು ಮೀರಿಸಿದೆ. ನಳಿಗೆಯೂ ಅದರ ಮೇಲಿನ ಉಕ್ಕಿನ ಜಾರುಭಾಗವೂ, ಫೆಡರಲ್ ಕಾನೂನಿನ ದೃಷ್ಟಿಯಲ್ಲಿ, ಬರಿಯ ಬಿಡಿಭಾಗಗಳು. 1968ರ ಶಾಸನದಂತೆ ಚೌಕಟ್ಟೊಂದೇ ಬಂದೂಕು. ಗುಂಡು ಹೊರಡುವುದು ಯಾವುದರಿಂದಲೋ ಅದು ಉಪಾಧಿ. ಕೈ ಹಿಡಿಯುವುದು ಯಾವುದನ್ನೋ ಅದೇ ತತ್ತ್ವ. ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಲೋಹದ ತಗಡಿನ ಮೇಲೆ ಅದರ ಸಂಖ್ಯೆಯನ್ನು ಕೆತ್ತಿರುತ್ತಾರೆ; ಮಿಕ್ಕುದನ್ನೆಲ್ಲ ಸುಟ್ಟರೂ ಅದನ್ನು ಮುಟ್ಟಲಾಗದು. ಅಂತೂ ನನ್ನ ಅಳಿಯನು ಹಿತಕ್ಕಾಗಿ ಕೆತ್ತುತ್ತಿದ್ದುದು ಕಾನೂನು ಬಂದೂಕೆಂದು ಕರೆಯುವ ಆ ಒಂದು ಪದಾರ್ಥವನ್ನೇ.

ಇನ್ನು ಅಷ್ಟವಿಧಹಸ್ತನಿರೂಪಣೆ. ಸ್ಥೂಲಹಸ್ತನಿಗೆ ಹಿಡಿಯು ಕಡಿಮೆಬಿದ್ದು, ಹೆಬ್ಬೆರಳಿನ ಬುಡವು ಮೇಲಕ್ಕೇರಿ, ಹಿಂದಕ್ಕೆ ಚಿಮ್ಮುವ ಉಕ್ಕು ಅಲ್ಲಿಯ ಚರ್ಮವನ್ನು ಕಚ್ಚುವುದು. ಇವನಿಗೆ ಬೀವರ್‌ಟೇಲ್ ಎಂಬ ಬಾಲವನ್ನು ವಿಧಿಸಿದ್ದಾರೆ. ಕೃಶಹಸ್ತನಿಗೆ ಕುದುರೆಯವರೆಗೆ ಬೆರಳು ನೀಳುವುದಿಲ್ಲ. ಇವನು ಚಿಕ್ಕ ಬೆನ್ನುಪಟ್ಟಿಗೆ ಅಧಿಕಾರಿ. ಸ್ವಿನ್ನಹಸ್ತನೆಂದರೆ ಬೆವರುವವನು, ಇವನಿಗೆ ತಪ್ತಮುದ್ರೆ. ನಾಲ್ಕನೆಯದು ಬಾಲಹಸ್ತ.

ಇದನ್ನು ಪಟ್ಟಿಯಲ್ಲಿ ಸೇರಿಸಬೇಕೆಂದು ನಾನು ಎಣಿಸಿರಲಿಲ್ಲ. ಚಿಕ್ಕದು, ನಡುವಿನದು, ದೊಡ್ಡದು ಎಂಬ ಮೂರು ಬೆನ್ನುಪಟ್ಟಿಗಳನ್ನು ಅಳಿಯನು ಅಂದು ಮೇಜಿನ ಮೇಲೆ ಸಾಲಾಗಿ ಇಟ್ಟು ತಾರತಮ್ಯವನ್ನು ವಿವರಿಸುತ್ತಿದ್ದಾಗ, ಆರು ವರ್ಷದ ಅವನ ಮಗಳು ಬಂದು, “ತಾತ, ಇದ್ರಲ್ಲಿ ನಂದು ಯಾವ್ದು?” ಎಂದಳು. ಎಂದು, ಚಿಕ್ಕದನ್ನು ಎತ್ತಿ ಅಂಗೈಗೆ ಒತ್ತಿಕೊಂಡಳು. ಅದು ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು. ಅಳಿಯನು ನಕ್ಕು ಅದನ್ನು ಕಸಿದುಕೊಂಡು ಮಾತು ಮುಂದುವರಿಸಿದನು. ನನಗೆ ನಗು ಬರಲಿಲ್ಲ. ಉಳಿದ ನಾಲ್ಕು ಹಸ್ತಗಳ ಲಕ್ಷಣವನ್ನು ಬರೆಯುವ ಉತ್ಸಾಹವೂ ಈಗ ಇಲ್ಲ, ಬೇಕಾದವರು ಊಹಿಸಿಕೊಳ್ಳಬಹುದು.

ಕೈಯ ಬಗೆಗೆ ಇಷ್ಟನ್ನು ಬಲ್ಲ ಜನರು, ಬೆರಳಿನ ಗಂಟಿಗೆ ಮದ್ದು ಕಂಡುಕೊಂಡವರು, ಚರ್ಮ ಕಚ್ಚಿದರೆ ಬಾಲವನ್ನು ಕಟ್ಟಿದವರು, ನಳಿಗೆಯ ಆ ಕೊನೆಯಲ್ಲಿರುವ ಶರೀರದ ಸೌಖ್ಯವನ್ನು ಕುರಿತು ಆ ಮಧ್ಯಾಹ್ನವೆಲ್ಲ ಒಂದು ಮಾತನ್ನೂ ಆಡಲಿಲ್ಲವಲ್ಲ! ಅವರ ಸರಕಾರದ ಲೆಕ್ಕದಂತೆಯೇ 2021ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಅರ್ಧಕ್ಕಿಂತ ಹೆಚ್ಚಿನ ಆ ಸಾವುಗಳಲ್ಲಿ ಹಿಡಿದ ಕೈ ಯಾರದೋ ಮಡಿದ ಮೈಯೂ ಅವರದೇ. ಕಳ್ಳನಿಗೆಂದು ತಂದಿಟ್ಟುದು ಕಳ್ಳನಿಗಾಗಿ ಕಾಯುತ್ತ ಮನೆಯಲ್ಲಿಯೇ ಇರುತ್ತದೆ. ಮನೆಯವರಿಗೂ ಕೆಟ್ಟ ರಾತ್ರಿಗಳು ಬರುತ್ತವೆ. 2020ರಲ್ಲಿ ಅಲ್ಲಿಯ ಒಂದರಿಂದ ಹತ್ತೊಂಬತ್ತು ವರ್ಷದವರ ಮರಣಕಾರಣಗಳಲ್ಲಿ, ವಾಹನಾಪಘಾತಗಳನ್ನು ಹಿಂದಿಕ್ಕಿ, ಬಂದೂಕೇ ಮೊದಲನೆಯದಾಯಿತು. ಇದನ್ನು ನಾನು ಅಳಿಯನಿಗೆ ಹೇಳಿದೆನು. “ಮಾವ, ನಮ್ಮನೇಲಿ ಹಾಗೇನೂ ಆಗಲ್ಲ ಬಿಡಿ” ಎಂದನು. ಸತ್ತವರಲ್ಲಿ ಯಾರ ಮನೆಯವರು ಬೇರೆ ಮಾತನ್ನು ಆಡಿದ್ದರು?

ಹೊರಡುವ ಹಿಂದಿನ ದಿನ ಪೆಟ್ಟಿಗೆಗೆ ಬಿಗಿಯಲು ಹುರಿಯನ್ನು ಹುಡುಕುತ್ತಿದ್ದಾಗ ಗ್ಯಾರೇಜಿನ ಕಪಾಟಿನಲ್ಲಿ ಆ ಪಿಸ್ತೂಲಿನ ಖಾಲಿ ಡಬ್ಬವು ನನ್ನ ಕೈಗೆ ಸಿಕ್ಕಿತು. ಅಂಗಡಿಯವನು ಕೈಬಂದೂಕನ್ನು ಮಾರುವಾಗ ಅದರೊಡನೆ ಒಂದು ಬೀಗವನ್ನೋ ಭದ್ರಪಡಿಸುವ ಇನ್ನೊಂದು ಸಾಧನವನ್ನೋ ಒದಗಿಸತಕ್ಕದ್ದೆಂದು 2005ರ ಅವರ ಶಾಸನವು ಹೇಳುತ್ತದೆ. ಕೊಂಡವನು ಅದನ್ನು ಹಾಕತಕ್ಕದ್ದೆಂದು ಆ ಶಾಸನವು ಹೇಳುವುದಿಲ್ಲ. ಬೆನ್ನುಪಟ್ಟಿಗಳ ಗೂಡು ಬರಿದಾಗಿತ್ತು. ಕೈಪಿಡಿಯ ಪುಟಗಳು ತಿರುವಿ ತಿರುವಿ ಮುದುರಿದ್ದುವು. ತಳದಲ್ಲಿ ತಂತಿಯ ಬೀಗವೊಂದು ಎರಡು ಬೀಗದಕೈಗಳೊಡನೆ ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಆ ಚೀಲವನ್ನು ಇನ್ನೂ ಒಡೆದಿರಲಿಲ್ಲ.