ಬಾಗಿಲು ತೆಗೆದಿಡುವ ಮಾವ

ಗೌರಿ ಹಬ್ಬದ ಆಸುಪಾಸಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ನಾಟಿ ಮುಗಿದಿರುತ್ತದೆ. ಗದ್ದೆಗೆ ನೀರು ಕಟ್ಟುವುದು ಬಿಟ್ಟರೆ ಗಂಡಸರಿಗೆ ಅಂಥ ಕೆಲಸವಿಲ್ಲ. ಸರಿಯಾಗಿ ಆ ಹೊತ್ತಿಗೇ ನಮ್ಮ ಕಡೆಯ ಸಿಬಿಎಸ್‌ಇ ಶಾಲೆಗಳು ಹತ್ತನೇ ಕ್ಲಾಸಿನವರ ಹೆಸರಿನ ಪಟ್ಟಿಯನ್ನು ಬೋರ್ಡಿಗೆ ಕಳಿಸಲು ಕೂರುತ್ತವೆ. ಮಕ್ಕಳ ಬ್ಯಾಗಿನಲ್ಲಿ ಒಂದು ಹಾಳೆ ಮನೆಗೆ ಬರುತ್ತದೆ. ಗಣಿತ: ಸ್ಟ್ಯಾಂಡರ್ಡ್ ಅಥವಾ ಬೇಸಿಕ್. ಒಂದಕ್ಕೆ ಗುರುತು ಹಾಕಿ, ಕೆಳಗೆ ಪೋಷಕರ ಸಹಿ. ಹಾಳೆ ಬಂದ ಸಂಜೆಯೇ ಮಾವನೂ ಬರುತ್ತಾರೆ.

ಇಂಥ ಮಾವ ಇಲ್ಲದ ಮನೆ ಮಂಡ್ಯ ಸೀಮೆಯಲ್ಲಿಲ್ಲ. ಅಮ್ಮನ ಒಡಹುಟ್ಟಿದ ಅಣ್ಣನೇ ಆಗಬೇಕೆಂದೂ ಇಲ್ಲ; ಅಮ್ಮನ ಊರಿನವರಾದರೆ ಸಾಕು. ಇಸ್ತ್ರಿ ಮಾಡಿದ ಬಿಳಿ ಷರಟು. ಜೇಬಿನಲ್ಲಿ ಎರಡು ಪೆನ್ನು: ಒಂದು ಬರೆಯುವುದಕ್ಕೆ, ಇನ್ನೊಂದು ಬ್ಯಾಂಕಿನಲ್ಲಿ ಯಾರಾದರೂ ಕೇಳಿದರೆ ಕೊಡುವುದಕ್ಕೆ, ಅದರಲ್ಲಿ ರೀಫಿಲ್ ಇರುವುದಿಲ್ಲ. ಸ್ಕೂಟರನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿ, ಚಪ್ಪಲಿ ಬಿಡುವಾಗಲೇ "ಕಾಪಿ ಗೀಪಿ ಏನೂ ಬ್ಯಾಡ ಕಣವ್ವ" ಎನ್ನುತ್ತಾರೆ. ತಂಗಿ ಹಾಲು ಒಲೆಗಿಡುತ್ತಾಳೆ. ಅವರು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಷ್ಟು ತೆಗೆದಿದ್ದರು ಎಂಬುದು ಮನೆತನದ ಗುಟ್ಟು. ಯಾರಾದರೂ ಕೆದಕಿದರೆ, "ನಮ್ ಕಾಲ್ದಲ್ಲಿ ಮಾರ್ಕ್ಸ್ ಯಾರು ಕೇಳೋರು? ಗ್ಯಾನ ಕೇಳೋರು" ಎಂದು ಮಾತು ಮುಗಿಸುತ್ತಾರೆ.

ನಾನು ಹತ್ತಿರದಿಂದ ನೋಡಿದ ಮಾವನಿಗೆ ಮೂವರು ತಂಗಿಯರು. ಒಬ್ಬಳನ್ನು ಮಂಡ್ಯಕ್ಕೆ ಕೊಟ್ಟಿದೆ, ಒಬ್ಬಳನ್ನು ಮದ್ದೂರಿಗೆ, ಕೊನೆಯವಳನ್ನು ಮಳವಳ್ಳಿಗೆ. ಮೂರೂ ಮನೆಯಲ್ಲಿ ಒಂದೇ ವರ್ಷ ಹತ್ತನೇ ಕ್ಲಾಸು ಬಂತು. ಮಾವನ ಸ್ಕೂಟರಿಗೆ ಆ ತಿಂಗಳು ಹಾಕಿಸಿದಷ್ಟು ಪೆಟ್ರೋಲನ್ನು ಆಮೇಲೆಂದೂ ಹಾಕಿಸಿಲ್ಲ.

ವಿಷಯವೇನೋ ಸರಳವಾದದ್ದೇ. ಹತ್ತನೇ ಕ್ಲಾಸಿನ ಗಣಿತಕ್ಕೆ ಎರಡು ಬಗೆಯ ಪ್ರಶ್ನೆಪತ್ರಿಕೆ ಕೊಡುತ್ತೇವೆಂದು ಸಿಬಿಎಸ್‌ಇ 2019ರ ಜನವರಿಯಲ್ಲಿ ಹೇಳಿತು. 2020ರ ಬೋರ್ಡ್ ಪರೀಕ್ಷೆಯಿಂದ ಅದು ಜಾರಿಗೆ ಬಂತು. ಸ್ಟ್ಯಾಂಡರ್ಡಿನ ಕೋಡ್ 041, ಬೇಸಿಕ್ಕಿನದು 241. ಮುಂದೆ ಗಣಿತ ಓದುವವರಿಗೆ ಮೊದಲನೆಯದು, ಗಣಿತಕ್ಕೆ ಹತ್ತನೇ ಕ್ಲಾಸಿನಲ್ಲೇ ಕೈಮುಗಿಯುವವರಿಗೆ ಎರಡನೆಯದು. ಪುಸ್ತಕ ಒಂದೇ, ಪಾಠ ಒಂದೇ, ಕ್ಲಾಸ್ ರೂಮೂ ಒಂದೇ. ಎರಡಕ್ಕೂ ಮೂರು ಗಂಟೆ, 80 ಅಂಕ. ಉಳಿದ 20 ಶಾಲೆಯ ಕೈಯಲ್ಲಿ. ವ್ಯತ್ಯಾಸವೆಲ್ಲ ಪ್ರಶ್ನೆ ಎಷ್ಟು ಸುತ್ತಿಸಿ ಕೇಳುತ್ತಾರೆ ಎಂಬುದರಲ್ಲಿ.

ಇದು ಮಾವನ ಬಾಯಿಗೆ ಬರುವಷ್ಟರಲ್ಲಿ ಬೇರೆಯೇ ಆಗುತ್ತದೆ. ಬೇಸಿಕ್ಕಿನವರನ್ನು ಹಿಂದಿನ ಬೆಂಚಿಗೆ ಕೂರಿಸುತ್ತಾರೆ, ಅವರಿಗೆ ತೆಳ್ಳಗಿನ ಪುಸ್ತಕ ಕೊಡುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದಾರೆ. ಆ ಯಾರೋ ಯಾರೆಂದು ಕೇಳಿದರೆ, "ಒಬ್ರು ಪ್ರೊಪೆಸರ್ರು." ಇದರ ಜೊತೆಗೆ ನಮ್ಮ ಪಿಯುಸಿ ಕಾಮರ್ಸಿನಲ್ಲಿ ಬೇಸಿಕ್ ಮ್ಯಾಥ್ಸ್ ಅಂತ ಒಂದು ವಿಷಯ ಬೇರೆ ಇದೆ. ಅದಕ್ಕೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಮಾವ ಮಂಡ್ಯದ ಅಳಿಯನನ್ನು ಕೂರಿಸಿಕೊಂಡು, "ಈಗ್ಲೇ ಬೇಸಿಕ್ ಓದ್ಬುಟ್ರೆ ಪಿಯುಸೀಲಿ ಓದೋಕೆ ಏನ್ಲಾ ಉಳಿದದೆ?" ಎಂದು ಕೇಳಿದಾಗ, ಸಿಎ ಆಗಬೇಕೆಂದಿದ್ದ ಆ ಹುಡುಗ ಉತ್ತರ ಹೊಳೆಯದೆ ಒಳಗೆ ಹೋಗಿ ಫ್ಯಾನ್ ಹಾಕಿಕೊಂಡು ಮಲಗಿದ.

ಮಾವನ ವಾದ ಊರೂರಿಗೆ ಬದಲಾಗುತ್ತದೆ. ಮಂಡ್ಯದ ಮನೆಯಲ್ಲಿ ಅವರು ಎದೆ ಉಬ್ಬಿಸಿ, "1933ರಲ್ಲೇ ಮೈಷುಗರ್ ಕಂಪ್ನಿ ಕಟ್ಟಿದ ಊರು ಕಣ್ಲಾ ಇದು. ಇಲ್ಲಿ ಹುಟ್ಬುಟ್ಟು ಬೇಸಿಕ್ ಬರೆದೀಯಾ?" ಎನ್ನುತ್ತಾರೆ. ಮದ್ದೂರಿಗೆ ಬಂದರೆ 1938ರ ಶಿವಪುರದ ಧ್ವಜ ಸತ್ಯಾಗ್ರಹ: "ಸರ್ಕಾರದ ಆರ್ಡ್ರಿಗೇ ಹೆದರದೆ ಬಾವುಟ ಹಾರಿಸಿದ ತಾಲ್ಲೂಕು. ಮೂರು ಗಂಟೆ ಪೇಪರಿಗೆ ಹೆದರೋದಾ?" ಮಳವಳ್ಳಿಗೆ ಹೋದರೆ ಶಿವನಸಮುದ್ರ ಹೊರಬರುತ್ತದೆ: "1902ನೇ ಇಸ್ವೀಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸವ್ರೆ. ಬೆಂಗ್ಳೂರಿಗೂ ಮೊದ್ಲು! ಗ್ಯಾನ ಮಡಗು." ಮಳವಳ್ಳಿಯ ಹುಡುಗನಿಗೆ ಕೋಲಾರದ ಚಿಂತೆ ಇರಲಿಲ್ಲ. ಅವನಿಗೆ ವರ್ಗಸಮೀಕರಣವೆಂದರೆ ಜ್ವರ. ಪಾಸಾದರೆ ಹಲಗೂರು ರಸ್ತೆಯಲ್ಲಿ ಮೊಬೈಲ್ ಅಂಗಡಿ ಇಡುವುದೆಂದು ಅವನು ಏಳನೇ ಕ್ಲಾಸಿನಲ್ಲೇ ತೀರ್ಮಾನಿಸಿದ್ದ. ಅವನ ಹಾಳೆಯ ಮೇಲೆ ಒಂದು ತಾಲ್ಲೂಕಿನ ನೂರು ವರ್ಷಕ್ಕೂ ಮಿಕ್ಕಿದ ಮರ್ಯಾದೆ ಬಂದು ಕೂತಾಗ, ಅವನು ಪೆನ್ನು ಕೆಳಗಿಟ್ಟು ಉಗುರು ಕಚ್ಚತೊಡಗಿದ.

ಇಷ್ಟರ ಮೇಲೂ ಜಗ್ಗದವರಿಗೆ ಮಾವ ಕೊನೆಯದಾಗಿ ಬಿಡುವ ಬಾಣವೊಂದಿದೆ: ಬಾಗಿಲು. "ಬಾಗ್ಲು ತೆಗ್ದಿರ್ಬೇಕು ಕಣಪ್ಪ. ನಾಳೆ ಮಗ ಎಂಜಿನಿಯರ್ರು ಆಯ್ತೀನಿ ಅಂದ್ರೆ? ಬೇಸಿಕ್ ಅಂದ್ರೆ ಬಾಗ್ಲು ಹಾಕ್ದಂಗೆ." ಹೀಗೆ ಹೇಳುವಾಗ ಎರಡೂ ಕೈಯನ್ನು ಬಾಗಿಲು ತೆರೆಯುವಂತೆ ಅಗಲಿಸುತ್ತಾರೆ, ಕಾಫಿ ಲೋಟ ಸ್ವಲ್ಪದರಲ್ಲಿ ತಪ್ಪುತ್ತದೆ. ವಾಸ್ತವದಲ್ಲಿ ಆ ಬಾಗಿಲಿಗೆ ಸಿಬಿಎಸ್‌ಇ ಮೊದಲೇ ಚಿಲಕ ಸಡಿಲವಾಗಿಟ್ಟಿತ್ತು. ಬೇಸಿಕ್ ಪಾಸಾದ ಮೇಲೆ ಮನಸ್ಸು ಬದಲಾದರೆ ಪೂರಕ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಬರೆದುಕೊಳ್ಳಬಹುದೆಂದು ಆರಂಭದಲ್ಲೇ ಹೇಳಿತ್ತು. ಕೊರೊನಾ ಕಾಲದಲ್ಲಿ ಅದನ್ನೂ ಸಡಿಲಿಸಿ, ಹುಡುಗನಿಗೆ ಶಕ್ತಿಯಿದೆ ಎಂದು ಮುಖ್ಯೋಪಾಧ್ಯಾಯರಿಗೆ ಒಪ್ಪಿಗೆಯಾದರೆ ತನ್ನ ಶಾಲೆಗಳಲ್ಲಿ ಹನ್ನೊಂದನೇ ಕ್ಲಾಸಿನ ಗಣಿತಕ್ಕೆ ಸೇರಿಸಿಕೊಳ್ಳಬಹುದೆಂದಿತು. ಆ ಸಡಿಲಿಕೆಯನ್ನು ಮುಂದೆಯೂ ಕೆಲವು ವರ್ಷ ನಡೆಸಿಕೊಂಡು ಬಂತು. ಆದರೆ ನಮ್ಮಲ್ಲಿ ಹತ್ತು ಮುಗಿಸಿದ ಬಹುಪಾಲು ಮಕ್ಕಳು ಪಿಯು ಕಾಲೇಜಿನ ಕಡೆ ಮುಖ ಮಾಡುತ್ತಾರೆ. ಅದಕ್ಕೇ ಕ್ಲಾಸ್ ಟೀಚರು, "ಸೇರಬೇಕೆಂದಿರುವ ಕಾಲೇಜಿನಲ್ಲೇ ಒಂದು ಮಾತು ಕೇಳಿಕೊಂಡು ಬನ್ನಿ" ಎಂದು ಹೇಳಿ ಕಳಿಸಿದ್ದರು. ಇದು ಮಾವನಿಗೆ ಹಿಡಿಸಲಿಲ್ಲ. ಕಾಲೇಜಿನವರನ್ನೇ ಕೇಳುವುದಾದರೆ ಮಾವ ಯಾತಕ್ಕೆ?

ಬೇಸಿಕ್ ಅಂದರೆ ಮಾವನಿಗೆ ಅವಮಾನವೇನೋ ಹೌದು, ಆದರೆ ಅಂಕದ ಆಸೆಯೂ ಕಡಿಮೆಯಿಲ್ಲ. ಲಂಡನ್ನಿನಲ್ಲಿರುವ ದೊಡ್ಡಪ್ಪನ ಮೊಮ್ಮಗ ವಿಡಿಯೊ ಕಾಲಿನಲ್ಲಿ ಅಲ್ಲಿಯ ಪದ್ಧತಿ ಹೇಳಿದ. ಅಲ್ಲೂ ಎರಡು ಮೆಟ್ಟಿಲು: ಫೌಂಡೇಶನ್ ಮತ್ತು ಹೈಯರ್. ಫೌಂಡೇಶನ್ ತೆಗೆದುಕೊಂಡವನು ಎಲ್ಲವನ್ನೂ ಸರಿಯಾಗಿ ಬರೆದರೂ 5ನೇ ಗ್ರೇಡಿಗೆ ನಿಲ್ಲಬೇಕು. 9 ಬೇಕೆಂದರೆ ಹೈಯರ್ ಬರೆಯಲೇಬೇಕು. ಇಲ್ಲಿ ಹಾಗಿಲ್ಲ, ಬೇಸಿಕ್ಕಿನಲ್ಲೂ ನೂರಕ್ಕೆ ನೂರು ಸಿಗಬಹುದು. ಇದು ಗೊತ್ತಾದ ಕ್ಷಣದಿಂದ ಮಾವನ ನಿದ್ದೆ ಕೆಟ್ಟಿತು. ಮದುವೆ ಮನೆಯಲ್ಲಿ "ನಮ್ಮ ಹುಡ್ಗೀದು ಸ್ಟ್ಯಾಂಡರ್ಡು" ಎನ್ನಬೇಕು, ಮಾತಿನ ಮಧ್ಯೆ "ತೊಂಬತ್ತೊಂಬತ್ತು" ಎಂದೂ ಸೇರಿಸಬೇಕು. ಬರೆಯುವುದು ಸ್ಟ್ಯಾಂಡರ್ಡು, ಬರುವುದು ಬೇಸಿಕ್ಕಿನ ಮಾರ್ಕ್ಸು: ಇಂಥ ಮೂರನೇ ಪೇಪರೊಂದನ್ನು ಬೋರ್ಡು ಯಾಕೆ ತರಬಾರದು ಎಂದು ಅವರು ಮದ್ದೂರಿನ ಹೋಟೆಲಿನಲ್ಲಿ ವಡೆ ಮುರಿಯುತ್ತಾ ನನ್ನನ್ನೇ ಕೇಳಿದ್ದುಂಟು.

ರಾಜ್ಯ ಪಠ್ಯಕ್ರಮದ ಮನೆಗಳಲ್ಲಿ ಮಾವನಿಗೆ ಈ ಹಬ್ಬವಿಲ್ಲ. ಎಸ್ಸೆಸ್ಸೆಲ್ಸಿಗೆ ಎಲ್ಲರಿಗೂ ಒಂದೇ ಗಣಿತ. 2024ರಲ್ಲಿ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಬಂದವು, ಅದರಲ್ಲೂ ಆರಿಸುವುದೇನಿರಲಿಲ್ಲ, ಬರೆಯುವುದಷ್ಟೇ. ಅಲ್ಲಿ ಮಾವನ ಸುಗ್ಗಿ ಫಲಿತಾಂಶದ ಮಾರನೇ ದಿನ, ಪಿಸಿಎಂಬಿಯೋ ಪಿಸಿಎಂಸಿಯೋ ಎಂಬಲ್ಲಿಂದ ಶುರು.

ಮಾವನನ್ನು ಲೆಕ್ಕ ಬಾರದವರೆಂದು ತಿಳಿಯಬೇಡಿ. ಕಬ್ಬಿನ ಲಾರಿಯ ತೂಕದ ಚೀಟಿ ನೋಡಿದ ಕೂಡಲೇ ಕೈಗೆ ಬರುವ ದುಡ್ಡು ಹೇಳುತ್ತಾರೆ. ಹದಿನೇಳೂವರೆ ಗುಂಟೆ ಮೂವರು ಅಣ್ಣತಮ್ಮಂದಿರಿಗೆ ಭಾಗವಾದರೆ ಯಾರ ಪಾಲಿಗೆ ಬದು ಬರುತ್ತದೆಂಬುದೂ ಅವರಿಗೆ ಗೊತ್ತು. ಚೀಟಿ ಕೂಗುವ ಭಾನುವಾರ, ಯಾವ ತಿಂಗಳು ಎಷ್ಟಕ್ಕೆ ಕೂಗಿ ಎತ್ತಿದರೆ ಲಾಭ ಎಂಬುದನ್ನು ಬೆರಳ ಗೆಣ್ಣಿನಲ್ಲೇ ಎಣಿಸುತ್ತಾರೆ. ಮದ್ದೂರಿನ ಎಳನೀರು ಮಂಡಿಯಲ್ಲಿ ಒಮ್ಮೆ, ರಾಶಿಯನ್ನು ಎರಡು ಸುತ್ತು ಹಾಕಿ ಅವರು ಹೇಳಿದ ಅಂದಾಜಿಗೂ ಆಳುಗಳು ಎಣಿಸಿದ್ದಕ್ಕೂ ಬಂದ ವ್ಯತ್ಯಾಸ ಒಂದು ಹಿಡಿಯೊಳಗಿತ್ತು.

ಈ ವಿದ್ಯೆಯನ್ನು ಮದ್ದೂರಿನ ಸೊಸೆ ಒಂದು ಭಾನುವಾರ ಪರೀಕ್ಷೆಗಿಟ್ಟಳು. ಮನೆಯ ಹಿತ್ತಲಲ್ಲಿ ಒಂದು ತೆಂಗಿನ ಮರ. ಅವಳು ಚೌಕದ ಕಾಗದವೊಂದನ್ನು ಮೂಲೆಯಿಂದ ಮೂಲೆಗೆ ಮಡಿಚಿ, ಅದರ ಓರೆ ಅಂಚನ್ನು ಕಣ್ಣಿಗೆ ಹಿಡಿದು ಹಿಂದೆ ಹಿಂದೆ ನಡೆದಳು. ಅಂಚಿನ ಗೆರೆಯಲ್ಲಿ ಮರದ ತುದಿ ಕಂಡ ಕಡೆ ನಿಂತಳು. ಅಲ್ಲಿಂದ ಬುಡದವರೆಗೆ ಟೇಪು ಹಿಡಿದರೆ ಇಪ್ಪತ್ಮೂರು ಅಡಿ.

"ಕೋನ ನಲವತ್ತೈದು ಡಿಗ್ರಿ ಮಾವ. ಅದರ ಟ್ಯಾನ್ ಒಂದು. ಅಂದ್ರೆ ದೂರ ಎಷ್ಟೋ ಎತ್ತರವೂ ಅಷ್ಟೇ. ಅದಕ್ಕೆ ನನ್ನ ಕಣ್ಣಿನ ಮಟ್ಟ ಐದಡಿ ಸೇರಿಸ್ಬೇಕು..."

"ಇಪ್ಪತ್ತೆಂಟು," ಎಂದರು ಮಾವ, ಕಲ್ಲುಬೆಂಚಿನಿಂದ ಏಳದೆ. "ಬೇಕಾದ್ರೆ ಒಂದು ಗೇಣು ಹೆಚ್ಚುಕಮ್ಮಿ. ಕಾಯಿ ಕೀಳೋನು ಹತ್ತೋದ ನೋಡಿದ್ರೇ ಗೊತ್ತಾಯ್ತದೆ. ಇದ್ಕೆ ಕಾಗ್ದ ಯಾಕೆ ಮಡಿಸ್ಬೇಕು?"

ಹುಡುಗಿ ಕಾಗದವನ್ನೂ ಮಾವನನ್ನೂ ಒಂದು ಸಲ ನೋಡಿದಳು. ಮಾವ ಕೂಡಲೇ ಎಚ್ಚೆತ್ತರು: "ಅದ್ಸರಿ, ಇದು ಸ್ಟ್ಯಾಂಡರ್ಡಾ, ಬೇಸಿಕ್ಕಾ?"

"ಎರಡರಲ್ಲೂ ಬರುತ್ತೆ ಮಾವ. ಸ್ಟ್ಯಾಂಡರ್ಡಲ್ಲಿ ನನ್ನನ್ನ ಎರಡು ಕಡೆ ನಿಲ್ಲಿಸ್ತಾರೆ ಅಷ್ಟೇ."

ಅಂದು ಸಂಜೆ ನಡುಮನೆಯಲ್ಲಿ ದರಬಾರು ಸೇರಿತು. ಬಾವ ಬಂದಿದ್ದಾರೆಂದು ಹುಡುಗಿಯ ಅಪ್ಪ ಟೀವಿ ಆರಿಸಿದರು. ಮಾವ ಒಂದು ಕಡೆಯಿಂದ ಶಿವಪುರ, ಬಾವುಟ, ಬಾಗಿಲು ಎಲ್ಲವನ್ನೂ ಕ್ರಮವಾಗಿ ಹೇಳಿಕೊಂಡು ಬಂದರು. ಎರಡನೇ ಕಾಫಿ ಬಂತು. ಚಕ್ಕುಲಿ ಬಂತು. ಮಾತು ಕೆಸಿಇಟಿಗೆ ತಲುಪಿ, ಅಲ್ಲಿಂದ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನ ಗೇಟಿನವರೆಗೆ ಹೋಗಿ, ಒಳಗೆ ಕಾಲಿಡುವ ಹೊತ್ತಿಗೆ ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡರು.

"ಬಾವ, ಅದು... ಹಾಳೆ ಶುಕ್ರವಾರವೇ ಕೊಟ್ಟಾಯ್ತು. ಎರಡೂ ಮಾದರಿ ಪೇಪರು ಮನೇಲೇ ಟೈಮ್ ಇಟ್ಕೊಂಡು ಬರೆದು ನೋಡಿ, ಅವಳೇ ಟಿಕ್ ಹಾಕಿದ್ಲು. ನಾನು ಸೈನ್ ಹಾಕ್ದೆ."

ಮಾವನ ಕೈಯಲ್ಲಿದ್ದ ಚಕ್ಕುಲಿ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. "ಯಾವುದ್ಕೆ?"

"ಸ್ಟ್ಯಾಂಡರ್ಡಿಗೇ ಮಾವ," ಎಂದಳು ಹುಡುಗಿ.

ಗೆದ್ದವರ ಮುಖ ಹಾಗಿರುವುದಿಲ್ಲ. ಮೂರು ತಾಲ್ಲೂಕು ಸುತ್ತಿ ವಾದಿಸಿದ್ದು ತಾವಿಲ್ಲದೆಯೇ ನಡೆದುಹೋಗಿದೆ ಎಂದರೆ ಯಾರಿಗೆ ತಡೆದೀತು? ಒಂದು ನಿಮಿಷ ಗೋಡೆ ನೋಡುತ್ತಿದ್ದವರು ಸೆಟೆದು ಕೂತರು.

"ಯಾರ್ನ ಕೇಳಿ ಹಾಕುದ್ರಿ? ಬೇಸಿಕ್ ಹಾಕಿದ್ರೆ ನೂರಕ್ಕೆ ನೂರು ಬತ್ತಿತ್ತಲ್ಲ! ಮಗೀಗೆ ಅಷ್ಟೊಂದು ಭಾರ ಹೊರ್ಸೋದಾ? ಸ್ಟ್ಯಾಂಡರ್ಡು ಸ್ಟ್ಯಾಂಡರ್ಡು ಅಂತ ಮಕ್ಳ ಪ್ರಾಣ ತಿನ್ನೋ ಜನ ನೀವು. ಇನ್ನೂ ಟೈಮ್ ಅದೆ, ನಾಳೆ ನಾನೇ ಇಸ್ಕೂಲಿಗೆ ಬತ್ತೀನಿ, ಬದ್ಲಾಯಿಸ್ಸವ."

ಆಗ ನನಗೆ ಬಾಗಿಲಿನ ಮರ್ಮ ಹೊಳೆಯಿತು. ಮಾವನಿಗೆ ಸ್ಟ್ಯಾಂಡರ್ಡಿನ ಮೇಲೂ ಪ್ರೀತಿಯಿಲ್ಲ, ಬೇಸಿಕ್ಕಿನ ಮೇಲೂ ದ್ವೇಷವಿಲ್ಲ. ತೀರ್ಮಾನ ಆಗದೆ ಇರುವುದೇ ಅವರಿಗೆ ಬೇಕು. ಯಾವ ಮನೆಯಲ್ಲಿ ಆರಿಸುವುದು ಬಾಕಿ ಇದೆಯೋ ಆ ಮನೆಯ ಬಾಗಿಲು ಮಾವನಿಗೆ ತೆರೆದಿರುತ್ತದೆ; ಟಿಕ್ ಬಿದ್ದ ಮನೆಯಲ್ಲಿ ಅವರು ಬರೀ ನೆಂಟರು.

ಪಾಪ ಅನ್ನಿಸಿ ಹುಡುಗಿಯೇ ಮಾತು ತಿರುಗಿಸಿದಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಗಣಿತದಿಂದ ಶುರುಮಾಡಿ ಎಲ್ಲ ವಿಷಯಗಳನ್ನೂ ಎರಡೆರಡು ಹಂತದಲ್ಲಿ ಕೊಡಬಹುದೆಂಬ ಮಾತಿದೆಯಂತೆ ಎಂದಳು. ಇನ್ನು ಎರಡು ವರ್ಷಕ್ಕೆ ತಮ್ಮ ಹತ್ತನೇ ಕ್ಲಾಸಿಗೆ ಬರುತ್ತಾನಲ್ಲ, ಅಷ್ಟರಲ್ಲಿ ಐದಕ್ಕೈದೂ ವಿಷಯಕ್ಕೆ ಹಾಗೆ ಮಾಡಿಬಿಟ್ಟರೆ ಏನು ಗತಿ ಎಂದಳು.

ಮಾವ ಚಕ್ಕುಲಿ ಪೂರ್ತಿ ಮುಗಿಸಿ, ಗೆಣ್ಣು ಎಣಿಸಿದರು. "ಐದೆರಡ್ಲ ಹತ್ತು. ಹತ್ತು ಥರ ಆಯ್ತದೆ. ನಾನಿಲ್ವಾ, ನೋಡ್ಕತೀನಿ."

"ಹತ್ತಲ್ಲ ಮಾವ. ಪ್ರತಿ ವಿಷಯಕ್ಕೂ ಎರಡು ದಾರಿ ಅಂದ್ರೆ ಎರಡನ್ನ ಐದು ಸಲ ಗುಣಿಸ್ಬೇಕು. ಮೂವತ್ತೆರಡು ಥರ ಆರಿಸ್ಬಹುದು."

ಮಾವ ತಂಗಿಯ ಕಡೆ ತಿರುಗಿ ಲೋಟ ಚಾಚಿದರು. "ಮೂವತ್ತೆರಡು ಅಂದ್ರೆ ಒಂದಿನಕ್ಕೆ ಮುಗಿಯೋ ಮಾತಲ್ಲ ಕಣವ್ವ. ಹುಡುಗನ್ನ ಈಗಿಂದ್ಲೇ ಕೂರಿಸ್ಕಂಡು ಮಾತಾಡ್ಬೇಕು. ರಾತ್ರಿ ಮುದ್ದೆಗೆ ನನ್ನದೂ ಒಂದು ಸೇರ್ಸ್ಕೊ."